ನಾಸ್‌ನಿಂದ ಇಮೇಲ್ ಅಲರ್ಟ್ ಹೋಗುತ್ತಿಲ್ಲ, ಡಿಸ್ಕ್ ಸತ್ತು ಎರಡು ತಿಂಗಳಾದ ಮೇಲೆ ಗೊತ್ತಾಯ್ತು

ತೋಟದಮನೆ:

ನಮಸ್ಕಾರ. ನಾನಿರುವುದು ಬೆಂಗಳೂರಲ್ಲಿ, ಅಪ್ಪ ಅಮ್ಮ ತೀರ್ಥಹಳ್ಳಿ ಕಡೆ ಊರಲ್ಲಿ. ಮೂರು ವರ್ಷದ ಹಿಂದೆ ಊರಿನ ಮನೆಯಲ್ಲಿ ಎರಡು ಡಿಸ್ಕಿನ ಒಂದು ನಾಸ್ ಇಟ್ಟೆ, ಅಂದರೆ ಮನೆಯ ನೆಟ್‌ವರ್ಕಿಗೆ ಸೇರಿಸಿ ಫೈಲ್ ಕೂಡಿಡುವ ಡಬ್ಬಿ. 4 ಟಿಬಿಯ ಎರಡು ಡಿಸ್ಕ್, ರೇಡ್ 1. ಅಂದರೆ ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ. ಅಕ್ಕನ ಮದುವೆ ವಿಡಿಯೋ, ಅಜ್ಜಿ ಪೆಟ್ಟಿಗೆಯಲ್ಲಿದ್ದ ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿದ್ದು, ಜಮೀನಿನ ಪಹಣಿ, ನಕ್ಷೆ ಎಲ್ಲಾ ಅದರಲ್ಲೇ ಇದೆ.

ಮೊನ್ನೆ ರಜೆಗೆ ಬಂದೆ. ಟಿವಿ ಸ್ಟ್ಯಾಂಡ್ ಪಕ್ಕ ನೋಡಿದರೆ ಹಸಿರು ಇರಬೇಕಾದ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಒಳಗೆ ಹೋಗಿ ನೋಡಿದೆ, ಎರಡನೇ ಡಿಸ್ಕ್ ಹೋಗಿದೆ. ಇವತ್ತು ನಿನ್ನೆ ಅಲ್ಲ, ಲಾಗ್ ಪ್ರಕಾರ ಎರಡು ತಿಂಗಳಾಗಿದೆ! ಬೀಪ್ ಹೊಡೆಯಲಿಲ್ವಾ ಅಂತ ಅಮ್ಮನನ್ನು ಕೇಳಿದೆ. "ಹೊಡೀತು ಮಾರಾಯ, ಬೆಳಗಿನ ಜಾವದಿಂದ ಕುಂಯ್ ಕುಂಯ್ ಅಂತ. ಪಕ್ಕದ ಮನೆ ಹುಡುಗ ಬಂದು ಯಾವುದೋ ಬಟನ್ ಒತ್ತಿ ನಿಲ್ಲಿಸಿದ" ಅಂದರು. ಆಮೇಲೆ ಧೂಳು ಕೂರಬಾರದು ಅಂತ ಮೇಲೊಂದು ಕ್ರೋಶಾ ಬಟ್ಟೆ ಬೇರೆ ಹೊದಿಸಿದ್ದಾರೆ.

ತಪ್ಪು ನನ್ನದೇ. ಸೆಟಪ್ ಮಾಡುವಾಗ ಇಮೇಲ್ ನೋಟಿಫಿಕೇಶನ್ ಪುಟ ಬಂದಿತ್ತು, ಆಮೇಲೆ ನೋಡೋಣ ಅಂತ ಸ್ಕಿಪ್ ಒತ್ತಿದ್ದೆ. ಆ "ಆಮೇಲೆ" ಇವತ್ತು ಬಂದಿದೆ.

ಈಗ ನನ್ನ ಜಿಮೇಲ್ ಹಾಕಿ ಟ್ರೈ ಮಾಡುತ್ತಿದ್ದೇನೆ. ಪೋರ್ಟ್, ಅಂದರೆ ಮೇಲ್ ಹೋಗುವ ಬಾಗಿಲಿನ ಸಂಖ್ಯೆ, 25 ಅಂತ ಹಾಕಿದರೆ ಒಂದು ನಿಮಿಷ ಚಕ್ರ ತಿರುಗಿ ಟೈಮ್ ಔಟ್ ಅನ್ನುತ್ತದೆ. 587 ಹಾಕಿದರೆ ತಕ್ಷಣ 535 ಅಂತ ಎರರ್, ಯೂಸರ್‌ನೇಮ್, ಪಾಸ್‌ವರ್ಡ್ ಒಪ್ಪಲ್ಲ ಅನ್ನುತ್ತದೆ. ಪಾಸ್‌ವರ್ಡ್ ಸರಿಯಾಗಿಯೇ ಇದೆ, ಅದೇ ಪಾಸ್‌ವರ್ಡಿಗೆ ಬ್ರೌಸರಿನಲ್ಲಿ ಲಾಗಿನ್ ಆಗುತ್ತಿದೆ. ನಾಲ್ಕು ಸಲ ನೋಡಿಕೊಂಡು ಟೈಪ್ ಮಾಡಿದೆ. ಭಾನುವಾರ ರಾತ್ರಿ ಬಸ್ಸು. ಅಷ್ಟರಲ್ಲಿ ಇದೊಂದು ಮುಗಿಸಬೇಕು, ಯಾರಾದರೂ ದಾರಿ ಹೇಳಿ.

ಹಳೇಡಿಸ್ಕ್:

ಮೇಲ್ ಆಮೇಲೆ ಮಾಡಿಕೊಳ್ಳಿ ಮಾರಾಯ್ರೆ. ಮೊದಲು ಒಂದು ಎಕ್ಸ್‌ಟರ್ನಲ್ ಡ್ರೈವ್ ತಂದು ಫೋಟೋ, ಪಹಣಿ ಎಲ್ಲಾ ಕಾಪಿ ಮಾಡಿ. ಈಗ ನಿಮ್ಮ ಹತ್ತಿರ ಇರುವುದು ಒಂದೇ ಡಿಸ್ಕ್. ಅದನ್ನೂ ಸತ್ತದ್ದರ ಜೊತೆಗೇ ಅದೇ ದಿನ, ಅದೇ ಅಂಗಡಿಯಲ್ಲಿ ತಂದಿರುತ್ತೀರಿ ಅಲ್ವಾ? ಅದಕ್ಕೂ ಅಷ್ಟೇ ವಯಸ್ಸು, ಅಷ್ಟೇ ಗಂಟೆ ತಿರುಗಿದೆ, ಅದೇ ಬಟ್ಟೆಯ ಕೆಳಗೆ ಅಷ್ಟೇ ಬೆಂದಿದೆ.

ಹೊಸ ಡಿಸ್ಕ್ ಹಾಕಿ ರೀಬಿಲ್ಡ್, ಅಂದರೆ ಇರುವುದನ್ನೆಲ್ಲಾ ಹೊಸದಕ್ಕೆ ತುಂಬುವ ಕೆಲಸ, ಶುರು ಮಾಡಿದರೆ ಉಳಿದ ಡಿಸ್ಕನ್ನು ಮೊದಲಿನಿಂದ ಕೊನೆವರೆಗೂ ಓದುತ್ತದೆ. ಸೆಕೆಂಡಿಗೆ 150 ಎಂಬಿ ಲೆಕ್ಕ ಹಿಡಿದರೂ 4 ಟಿಬಿಗೆ ಏಳೂವರೆ ಗಂಟೆ ಆಗುತ್ತದೆ, ಮನೆ ನಾಸ್‌ನಲ್ಲಿ ಇನ್ನೂ ಜಾಸ್ತಿನೇ. ಅಷ್ಟೊತ್ತು ಉಸಿರು ಹಿಡಿದು ಕೂರುವ ಬದಲು ಮೊದಲು ಕಾಪಿ, ಆಮೇಲೆ ರೀಬಿಲ್ಡ್. ರೇಡ್ ಇದೆ ಅಂದರೆ ಬ್ಯಾಕಪ್ ಇದೆ ಅಂತ ಅಲ್ಲ. ನೀವು ತಪ್ಪಿ ಒಂದು ಫೋಲ್ಡರ್ ಡಿಲೀಟ್ ಮಾಡಿದರೆ ಅದು ಎರಡೂ ಡಿಸ್ಕಿನಲ್ಲಿ ಒಂದೇ ಕ್ಷಣಕ್ಕೆ ಡಿಲೀಟ್ ಆಗುತ್ತದೆ.

ಆ ಬಟ್ಟೆ ಈಗಲೇ ತೆಗೆಯಿರಿ.

ರಾತ್ರಿಪಾಳಿ:

ಹಳೇಡಿಸ್ಕ್ ಸರ್ ಹೇಳಿದ್ದು ಮೊದಲು ಮಾಡಿ. ಕಾಪಿ ಓಡುತ್ತಿರುವಾಗ ಇದನ್ನು ಓದಿ.

535 ಬಂತು ಅಂದರೆ ಒಳ್ಳೇ ಸುದ್ದಿ. ನಾಸ್‌ಗೆ ಇಂಟರ್ನೆಟ್ ಸಿಗುತ್ತಿದೆ, ಜಿಮೇಲ್ ಸರ್ವರ್ ಬಾಗಿಲವರೆಗೂ ಹೋಗಿದೆ, ಅಲ್ಲಿ ನಿಂತವನು ಮಾತ್ರ ಒಳಗೆ ಬಿಡುತ್ತಿಲ್ಲ. ಪೋರ್ಟ್ 25 ಮರೆತುಬಿಡಿ. ಅದು ಒಂದು ಮೇಲ್ ಸರ್ವರ್ ಇನ್ನೊಂದು ಮೇಲ್ ಸರ್ವರಿಗೆ ಪತ್ರ ಕೊಡುವ ದಾರಿ. ಸ್ಪ್ಯಾಮ್ ಕಾಟಕ್ಕೆ ಮನೆ ಕನೆಕ್ಷನ್‌ಗಳಲ್ಲಿ ತುಂಬಾ ಕಡೆ ಅದನ್ನು ಮುಚ್ಚಿರುತ್ತಾರೆ. ನಮಗೆ ಬೇಕಾಗಿದ್ದು 587 ಅಥವಾ 465. 587ಕ್ಕೆ ಸೆಕ್ಯುರಿಟಿ ಕಡೆ ಸ್ಟಾರ್ಟ್‌ಟಿಎಲ್‌ಎಸ್ ಆರಿಸಿ, 465ಕ್ಕೆ ಎಸ್‌ಎಸ್‌ಎಲ್ ಅಥವಾ ಟಿಎಲ್‌ಎಸ್. ಇವೆರಡನ್ನು ಅದಲುಬದಲು ಮಾಡಿದರೆ ಎಷ್ಟೋ ಸಲ ಎರರ್ ಕೂಡ ಸರಿಯಾಗಿ ಬರಲ್ಲ, ಸುಮ್ನೆ ನೇತಾಡುತ್ತಿರುತ್ತದೆ. ಅರ್ಧ ಜನ ಎಡವುವುದು ಇಲ್ಲೇ.

ಇನ್ನು ಪಾಸ್‌ವರ್ಡ್. ನೀವು ಬ್ರೌಸರಿನಲ್ಲಿ ಹಾಕುವ ಪಾಸ್‌ವರ್ಡ್ ಇಲ್ಲಿ ನಡೆಯಲ್ಲ. ಮೊದಲು "ಕಡಿಮೆ ಸುರಕ್ಷಿತ ಆ್ಯಪ್" ಅಂತ ಒಂದು ಸ್ವಿಚ್ ಇತ್ತು, ಅದನ್ನು ಆನ್ ಮಾಡಿದರೆ ನಡೆಯುತ್ತಿತ್ತು. 2022ರ ಮೇ 30ರಿಂದ ಗೂಗಲ್ ಅದನ್ನು ಮಾಮೂಲಿ ಖಾತೆಗಳಿಗೆ ತೆಗೆದುಹಾಕಿತು. ಅಂತರ್ಜಾಲದಲ್ಲಿ ಸಿಗುವ ಹಳೇ ವಿಡಿಯೋಗಳೆಲ್ಲ ಇನ್ನೂ ಆ ಸ್ವಿಚ್ಚನ್ನೇ ತೋರಿಸುತ್ತವೆ, ಅದನ್ನು ಹುಡುಕುತ್ತಾ ಕೂರಬೇಡಿ. ಈಗ ಬೇಕಾಗಿರುವುದು ಆ್ಯಪ್ ಪಾಸ್‌ವರ್ಡ್, ಅಂದರೆ ಇಂಥ ಡಬ್ಬಿಗಳಿಗೆ ಅಂತಲೇ ಗೂಗಲ್ ಕೊಡುವ ಬೇರೆ ಪಾಸ್‌ವರ್ಡ್. ಗೂಗಲ್ ಖಾತೆಯಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಆಮೇಲೆ ಖಾತೆಯ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಆ್ಯಪ್ ಪಾಸ್‌ವರ್ಡ್ಸ್ ಅಂತ ಟೈಪ್ ಮಾಡಿ. ಟೂ ಸ್ಟೆಪ್ ಆನ್ ಇಲ್ಲದಿದ್ದರೆ ಆ ಪುಟ ಕೈಗೇ ಸಿಗಲ್ಲ. ಒಂದು ಹೆಸರು ಕೊಟ್ಟರೆ ನಾಲ್ಕು ನಾಲ್ಕು ಅಕ್ಷರದ ನಾಲ್ಕು ಗುಂಪು, ಒಟ್ಟು 16 ಅಕ್ಷರ ಕೊಡುತ್ತದೆ. ನಡುವಿನ ಜಾಗ ಬಿಟ್ಟು ಒಟ್ಟಿಗೆ ಹಾಕಿ. ಒಂದೇ ಸಲ ತೋರಿಸುವುದು, ವಿಂಡೋ ಮುಚ್ಚಿದರೆ ಮುಗೀತು. ಮುಚ್ಚಿದರೂ ಪರವಾಗಿಲ್ಲ, ಅದನ್ನು ಅಳಿಸಿ ಹೊಸದು ಮಾಡಿಕೊಂಡರಾಯ್ತು.

ಸರ್ವರ್ ಹೆಸರು ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್. ಯೂಸರ್‌ನೇಮ್ ಅಂದರೆ ಪೂರ್ತಿ ಇಮೇಲ್ ವಿಳಾಸ, ಬರೀ ಮುಂದಿನ ಭಾಗ ಅಲ್ಲ. ಕಳಿಸುವವರ ವಿಳಾಸದ ಜಾಗದಲ್ಲೂ ಅದನ್ನೇ ಹಾಕಿ.

ನಿಮ್ಮ ಸ್ವಂತ ಜಿಮೇಲ್ ಮಾತ್ರ ಬೇಡ. ಆ್ಯಪ್ ಪಾಸ್‌ವರ್ಡ್ ಇರುವವರು ಮೇಲ್ ಕಳಿಸುವುದಷ್ಟೇ ಅಲ್ಲ, ಇರುವ ಮೇಲ್‌ಗಳನ್ನೂ ಓದಬಹುದು. ಆ ಪಾಸ್‌ವರ್ಡು ಟಿವಿ ಪಕ್ಕದ ಒಂದು ಡಬ್ಬಿಯೊಳಗೆ ಕೂತಿರುತ್ತದೆ. ನಾಸ್‌ಗೆ ಅಂತಲೇ ಒಂದು ಹೊಸ ಖಾತೆ ತೆರೆಯಿರಿ, ಅದರಿಂದ ನಿಮ್ಮ ಖಾತೆಗೆ ಮೇಲ್ ಬರಲಿ.

ತೋಟದಮನೆ:

ಬಂತು ಬಂತು! ತೀರ್ಥಹಳ್ಳಿ ಪೇಟೆಗೆ ಹೋಗಿ ಎಕ್ಸ್‌ಟರ್ನಲ್ ಡ್ರೈವ್ ತಂದೆ, ರಾತ್ರಿಯಿಡೀ ಕಾಪಿ ಆಯ್ತು. ಅಜ್ಜಿ ಫೋಟೋಗಳನ್ನು ಒಂದೊಂದೇ ತೆಗೆದು ನೋಡಿದೆ, ಎಲ್ಲಾ ಇವೆ. ಹೊಸ ಖಾತೆ ಮಾಡಿ 16 ಅಕ್ಷರದ ಪಾಸ್‌ವರ್ಡ್ ಹಾಕಿದ ತಕ್ಷಣ ಟೆಸ್ಟ್ ಮೇಲ್ ಬಂತು, ಆದರೆ ಸ್ಪ್ಯಾಮ್ ಫೋಲ್ಡರಿಗೆ. ಅಲ್ಲಿಂದ "ಸ್ಪ್ಯಾಮ್ ಅಲ್ಲ" ಒತ್ತಿದೆ. ರಾತ್ರಿಪಾಳಿ ಸರ್, ದೊಡ್ಡ ಉಪಕಾರ ಆಯ್ತು. ನನ್ನ ಕೆಲಸ ಮುಗೀತು ಅಂದುಕೊಳ್ಳುತ್ತೇನೆ.

ರಾತ್ರಿಪಾಳಿ:

ಸರ್ ಅಲ್ಲ, ಮೇಡಂ :) ಕೆಲಸ ಮುಗಿದಿಲ್ಲ, ಈಗ ಅರ್ಧ ಆಯ್ತು.

"ಸ್ಪ್ಯಾಮ್ ಅಲ್ಲ" ಒತ್ತಿದ್ದು ಸಾಲಲ್ಲ. ನಾಸ್‌ನ ವಿಳಾಸದಿಂದ ಬಂದದ್ದನ್ನು ಯಾವತ್ತೂ ಸ್ಪ್ಯಾಮಿಗೆ ಹಾಕಬೇಡ ಅಂತ ಜಿಮೇಲ್‌ನಲ್ಲಿ ಒಂದು ಫಿಲ್ಟರ್ ಮಾಡಿ, ಒಂದು ಲೇಬಲ್ ಕೊಡಿ.

ಆಮೇಲೆ ಯಾವ್ಯಾವುದಕ್ಕೆ ಮೇಲ್ ಬರಬೇಕು ಅನ್ನುವುದು. ಡಬ್ಬಿ ಬಂದಾಗ ಎಷ್ಟೋ ಸಲ ಬೇಡದ್ದೂ ಟಿಕ್ ಆಗಿರುತ್ತದೆ. ಯಾರೋ ಲಾಗಿನ್ ಆದರು, ಅಪ್ಡೇಟ್ ಬಂದಿದೆ, ಯಾವುದೋ ಪ್ಯಾಕೇಜ್ ಶುರುವಾಯ್ತು, ಹೀಗೆ ದಿನಕ್ಕೆ ಹತ್ತು ಹದಿನೈದು. ಮೊದಲ ವಾರ ಓದುತ್ತೀರಿ, ಎರಡನೇ ವಾರ ಸ್ವೈಪ್ ಮಾಡುತ್ತೀರಿ, ಮೂರನೇ ವಾರ ಲೇಬಲ್ಲಿನ ಮೇಲೆ 140 ಅಂತ ಸಂಖ್ಯೆ ಕೂತಿರುತ್ತದೆ ಮತ್ತು ಡಿಸ್ಕ್ ಸತ್ತ ಮೇಲ್ ಅದರೊಳಗೆಲ್ಲೋ ಇರುತ್ತದೆ. ನಾನೇ ಹೀಗೆ ಮಾಡಿಕೊಂಡಿದ್ದೇನೆ, ಆಫೀಸಿನಲ್ಲಿ, ಬೈಸಿಕೊಂಡೂ ಇದ್ದೇನೆ.

ನಾನು ಉಳಿಸಿಕೊಳ್ಳುವುದು ಇಷ್ಟೇ. ರೇಡ್ ಸ್ಥಿತಿ ಬದಲಾದರೆ, ಡಿಸ್ಕಿನ ಸ್ಮಾರ್ಟ್ ಎಚ್ಚರಿಕೆ ಬಂದರೆ, ಜಾಗ ಶೇಕಡ 85 ದಾಟಿದರೆ, ಬಿಸಿ ಹೆಚ್ಚಾದರೆ, ಬ್ಯಾಕಪ್ ಫೇಲ್ ಆದರೆ, ಕರೆಂಟ್ ಹೋಗಿ ನಾಸ್ ತಾನೇ ಆಫ್ ಆದರೆ.

ಸ್ಮಾರ್ಟ್ ಬಗ್ಗೆ ಸ್ವಲ್ಪ ಹೇಳಬೇಕು. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದುಕೊಳ್ಳುವ ಪಟ್ಟಿ ಅದು. ಅದರಲ್ಲಿ 5, 197, 198 ಈ ಮೂರು ಸಂಖ್ಯೆಯ ಸಾಲು ನೋಡಿ. 5 ಅಂದರೆ ಕೆಟ್ಟ ಜಾಗ ಬಿಟ್ಟು ಮೀಸಲು ಜಾಗಕ್ಕೆ ಬದಲಾಯಿಸಿದ ಸೆಕ್ಟರ್‌ಗಳ, ಅಂದರೆ ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳ ಲೆಕ್ಕ. 197 ಅಂದರೆ ಓದಲು ತಿಣುಕಾಡುತ್ತಿರುವ, ಇನ್ನೂ ತೀರ್ಮಾನ ಆಗದ ಸೆಕ್ಟರ್‌ಗಳು. 198 ಅಂದರೆ ಓದಲು ಆಗದೇ ಹೋದವು. ಕೊನೆಯ ಕಾಲಂನಲ್ಲಿ ಮೂರೂ ಕಡೆ ಸೊನ್ನೆ ಇದ್ದರೆ ನೆಮ್ಮದಿ. 5ರಲ್ಲಿ ಎರಡೋ ಮೂರೋ ಇದ್ದು ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ಗಾಬರಿ ಬೇಡ, ವಾರ ವಾರ ಏರುತ್ತಿದ್ದರೆ ಹೊಸ ಡಿಸ್ಕಿಗೆ ದುಡ್ಡು ಎತ್ತಿಡಿ. 199 ಏರುತ್ತಿದ್ದರೆ ಹೆಚ್ಚಾಗಿ ಡಿಸ್ಕ್ ಅಲ್ಲ, ಕೇಬಲ್ಲೋ ಕನೆಕ್ಟರೋ. ಡಿಸ್ಕನ್ನು ಒಮ್ಮೆ ಹೊರಗೆ ತೆಗೆದು ಸರಿಯಾಗಿ ಕೂರಿಸಿ. ವಾರಕ್ಕೊಂದು ಚಿಕ್ಕ ಸ್ಮಾರ್ಟ್ ಟೆಸ್ಟ್, ತಿಂಗಳಿಗೊಂದು ಉದ್ದದ್ದು ತಾನಾಗಿ ಓಡುವ ಹಾಗೆ ಇಡಿ. ಟೆಸ್ಟೇ ಓಡದಿದ್ದರೆ ಕೆಲವು ತೊಂದರೆ ಯಾರ ಕಣ್ಣಿಗೂ ಬೀಳಲ್ಲ.

ಕೊನೆಗೆ ನಾನು ಕೇಳಬೇಕಾದ್ದು. ನಾಳೆಯಿಂದ ಮೂರು ತಿಂಗಳು ನಿಮಗೆ ಒಂದೂ ಮೇಲ್ ಬರಲಿಲ್ಲ ಅಂದುಕೊಳ್ಳಿ. ಎಲ್ಲಾ ಚೆನ್ನಾಗಿದೆ ಅಂತ ಅರ್ಥವೋ, ಮೇಲ್ ಕಳಿಸುವುದೇ ನಿಂತಿದೆ ಅಂತ ಅರ್ಥವೋ?

ತೋಟದಮನೆ:

ಅಯ್ಯೋ. ಮೇಡಂ, ಕ್ಷಮಿಸಿ. ಇದು ತಲೆಗೇ ಹೊಳೆದಿರಲಿಲ್ಲ. ಮೇಲ್ ನಿಲ್ಲುವುದು ಹೇಗೆ? ಒಮ್ಮೆ ಸೆಟ್ ಆದ ಮೇಲೆ ಅದರ ಪಾಡಿಗೆ ಅದು ಇರಲ್ವಾ?

ರಾತ್ರಿಪಾಳಿ:

ಇರಲ್ಲ. ಆ ಹೊಸ ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಾಯಿಸಿದ ಕ್ಷಣ ಅದರ ಆ್ಯಪ್ ಪಾಸ್‌ವರ್ಡುಗಳೆಲ್ಲಾ ರದ್ದಾಗುತ್ತವೆ, ನಾಸ್ ಮತ್ತೆ ನಿಮ್ಮ ಹಳೇ 535ಕ್ಕೆ ವಾಪಸ್. ಆ ಎರರನ್ನು ನಿಮಗೆ ತಿಳಿಸಲು ಅದರ ಹತ್ತಿರ ಇರುವುದೂ ಮೇಲ್ ಒಂದೇ! ಮೇಲ್ ಸೇವೆಯವರ ನಿಯಮವೂ ಬದಲಾಗುತ್ತಿರುತ್ತದೆ. ಔಟ್‌ಲುಕ್ ಡಾಟ್ ಕಾಮ್‌ನ ಮಾಮೂಲಿ ಖಾತೆಗಳಲ್ಲಿ 2024ರ ಸೆಪ್ಟೆಂಬರ್ 16ರಿಂದ ಬರೀ ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವುದು ನಿಂತಿತು. ಅದರಲ್ಲಿ ಅಲರ್ಟ್ ಇಟ್ಟುಕೊಂಡ ಎಷ್ಟೋ ಹಳೇ ಡಬ್ಬಿಗಳು ಅವತ್ತಿನಿಂದ ಮೌನ.

ಅದಕ್ಕೆ ಪ್ರತಿ ಸೋಮವಾರ ಬೆಳಿಗ್ಗೆ "ಇದ್ದೇನೆ" ಅಂತ ಒಂದು ಮೇಲ್ ಬರುವ ಹಾಗೆ ಮಾಡಿ. ಸೈನಾಲಜಿ, ಓಪನ್‌ಮೀಡಿಯಾವಾಲ್ಟ್, ಟ್ರೂನಾಸ್ ಅನ್ನುವ ನಾಸ್ ವ್ಯವಸ್ಥೆ ಮೂರರಲ್ಲೂ ಹೇಳಿದ ಹೊತ್ತಿಗೆ ಒಂದು ಕಮಾಂಡ್ ಓಡಿಸಿ ಅದರ ಔಟ್‌ಪುಟ್ಟನ್ನು ಮೇಲ್ ಮಾಡುವ ಸೌಲಭ್ಯ ಇದೆ, ನಿಮ್ಮದರಲ್ಲೂ ಹುಡುಕಿ. ಲಿನಕ್ಸ್‌ನ ಮಾಮೂಲಿ ಸಾಫ್ಟ್‌ವೇರ್ ರೇಡ್ ಆದರೆ ರೇಡ್ ಸ್ಥಿತಿ ತೋರಿಸುವ ಫೈಲನ್ನೇ, ಅಂದರೆ ಪ್ರಾಕ್ ಫೋಲ್ಡರ್ ಒಳಗಿನ ಎಂಡಿಸ್ಟ್ಯಾಟನ್ನೇ, ಕಳಿಸಿದರೆ ಸಾಕು. ಅದರಲ್ಲಿ ಚೌಕ ಬ್ರಾಕೆಟ್ಟಿನೊಳಗೆ ಎರಡು "ಯು" ಪಕ್ಕಪಕ್ಕ ಇದ್ದರೆ ಎರಡೂ ಡಿಸ್ಕ್ ಕೆಲಸ ಮಾಡುತ್ತಿವೆ. ಒಂದು "ಯು" ಪಕ್ಕ ಒಂದು ಕೆಳಗೆರೆ ಇದ್ದರೆ ಒಂದು ಹೋಗಿದೆ. ಎರಡೇ ಅಕ್ಷರ, ಚಹಾ ಕುಡಿಯುತ್ತಾ ನೋಡಬಹುದು.

ಬಾಟ್‌ಭಟ್ಟ:

2025 ದಾಟಿದರೂ ಇಮೇಲ್ ಹಿಡಿದುಕೊಂಡು ಒದ್ದಾಡುವುದು ಯಾಕೆ ಅಂತ ನನಗೆ ಅರ್ಥ ಆಗಲ್ಲ ಗುರು. ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಅನ್ನುವ ಖಾತೆ ಹತ್ತಿರ ಒಂದು ಬಾಟ್, ಅಂದರೆ ತಾನಾಗಿ ಮೆಸೇಜ್ ಕಳಿಸುವ ಖಾತೆ, ಮಾಡಿಸಿಕೊಳ್ಳಿ, ಅದು ಕೊಡುವ ಟೋಕನ್ನನ್ನು (ಗುಟ್ಟಿನ ಕೀಲಿ) ಒಂದು ಚಿಕ್ಕ ಸ್ಕ್ರಿಪ್ಟಿಗೆ ಹಾಕಿ. ಎರಡು ಸಾಲು. ಮೆಸೇಜು ಸೀದಾ ಮೊಬೈಲಿಗೆ ಬರುತ್ತದೆ. ಆ್ಯಪ್ ಪಾಸ್‌ವರ್ಡೂ ಇಲ್ಲ, ಸ್ಪ್ಯಾಮೂ ಇಲ್ಲ, ಪೋರ್ಟ್ ರಾಮಾಯಣವೂ ಇಲ್ಲ.

ರಾತ್ರಿಪಾಳಿ:

ಬಾಟ್ ಚೆನ್ನಾಗಿಯೇ ಇದೆ, ನಾನೂ ಬಳಸುತ್ತೇನೆ. ಆದರೆ ರೇಡ್ ಕೆಟ್ಟಾಗ ಮೇಲ್ ಕಳಿಸುವುದು ಡಬ್ಬಿಯೊಳಗೇ ಇರುವ ವ್ಯವಸ್ಥೆ. ನಿಮ್ಮ ಸ್ಕ್ರಿಪ್ಟನ್ನು ನೀವು ಬರೆದು, ನೀವೇ ನೋಡಿಕೊಳ್ಳಬೇಕು. ಒಂದು ಅಪ್ಡೇಟ್ ಬಂದು ಆ ಸ್ಕ್ರಿಪ್ಟ್ ಹಾರಿಹೋದರೂ ಮೌನವೇ ತಾನೆ? ಎರಡೂ ಇರಲಿ ಅನ್ನುವುದು ನನ್ನ ಮಾತು.

ಬಾಟ್‌ಭಟ್ಟ:

ಅದು ಸರಿ. ಅಪ್ಡೇಟಿನಲ್ಲಿ ಒಮ್ಮೆ ಹಾರಿದ್ದೂ ಹೌದು, ಈಗ ಬಾಯಿಬಿಟ್ಟೆ.

ಹಾಗಾದರೆ ಇನ್ನೊಂದು ಹೇಳುತ್ತೇನೆ. ಸೋಮವಾರದ ಮೇಲ್ ಬರಲಿಲ್ಲ ಅನ್ನುವುದು ಮನುಷ್ಯನ ತಲೆಗೆ ಹೊಳೆಯುವುದು ಕಷ್ಟ. ಇರುವುದನ್ನು ನೋಡುತ್ತೇವೆ, ಇಲ್ಲದ್ದನ್ನು ಯಾರು ನೋಡುತ್ತಾರೆ? ಹೆಲ್ತ್‌ಚೆಕ್ಸ್ ಡಾಟ್ ಐಒ ಅಂತ ಒಂದು ಸೇವೆ ಇದೆ. ಅದು ಒಂದು ವಿಳಾಸ ಕೊಡುತ್ತದೆ, ನಾಸ್ ದಿನಕ್ಕೊಂದು ಸಲ ಆ ವಿಳಾಸವನ್ನು ತಟ್ಟಬೇಕು. ಹೇಳಿದ ಹೊತ್ತಿನೊಳಗೆ ತಟ್ಟದಿದ್ದರೆ ಆ ಸೇವೆಯೇ ನಿಮಗೆ ಮೇಲ್ ಹಾಕುತ್ತದೆ. ಮನೆಯ ಒಂದು ಡಬ್ಬಿಗೆ ಉಚಿತ ಖಾತೆ ಸಾಕು.

ಗುಡುಗುಮಳೆ:

ನಾನು ಕೊಪ್ಪ ಕಡೆಯವನು. ತೀರ್ಥಹಳ್ಳಿ ಅಂದ ಕೂಡಲೇ ಒಂದು ಕೇಳಬೇಕು ಅನ್ನಿಸಿತು. ಕರೆಂಟ್ ಹೋದಾಗ ನಿಮ್ಮ ನಾಸ್ ಯಾರಿಗೆ ಹೇಳುತ್ತದೆ? ನಾಸ್‌ಗೆ ಯುಪಿಎಸ್ ಇರಬಹುದು, ಫೈಬರ್ ಮೋಡೆಮ್‌ಗೆ ಇದೆಯಾ? ಮೋಡೆಮ್ ಆಫ್ ಆದರೆ "ಕರೆಂಟ್ ಹೋಯ್ತು" ಅನ್ನುವ ಮೇಲ್ ಕರೆಂಟ್ ಬಂದ ಮೇಲೆ ಬರುತ್ತದೆ! ಮೋಡೆಮ್ ತುಂಬಾ ಕಡಿಮೆ ಕರೆಂಟ್ ತಿನ್ನುತ್ತದೆ, ಹೆಚ್ಚಿನವು 12 ವೋಲ್ಟಿನವು. ರೂಟರಿಗೆ ಅಂತಲೇ ಬರುವ ಚಿಕ್ಕ ಯುಪಿಎಸ್ ಹಾಕಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ. ಮಾಮೂಲಿ ಮೋಡ್‌ನಲ್ಲಿ ಬದಲಾಗುವ ಹೊತ್ತಿಗೆ ಫ್ಯಾನ್, ಬಲ್ಬಿಗೆ ಏನೂ ಗೊತ್ತಾಗಲ್ಲ, ಕಂಪ್ಯೂಟರ್ ತರದ ಸಾಮಾನು ರೀಸ್ಟಾರ್ಟ್ ಆಗಿಬಿಡಬಹುದು.

ನಾಸ್ ಮತ್ತು ಯುಪಿಎಸ್ ನಡುವೆ ಯುಎಸ್‌ಬಿ ವೈರ್ ಹಾಕಿ. ಆಗ ಬ್ಯಾಟರಿ ಇಳಿಯುತ್ತಿದ್ದಂತೆ ನಾಸ್ ಕ್ರಮವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ವೈರ್ ಇಲ್ಲದಿದ್ದರೆ ಯುಪಿಎಸ್ ಇದ್ದೂ ಧಪ್ ಅಂತ ಆಫ್ ಆಗುವುದೇ.

ಇನ್ನು ಏಪ್ರಿಲ್, ಮೇ ಸಿಡಿಲು. ನಮ್ಮ ಕಡೆ ಗುಡುಗು ಶುರುವಾದರೆ ಹಿರಿಯರು ಎಲ್ಲಾ ಪ್ಲಗ್ ಕೀಳುತ್ತಾರೆ. ಬೈಯಬೇಡಿ, ಅವರು ಮಾಡುವುದು ಸರಿ. ಫೈಬರ್ ಗಾಜಿನ ಎಳೆ, ಅದರೊಳಗೆ ಕರೆಂಟ್ ಹರಿಯಲ್ಲ, ಆದರೆ ಅಡಾಪ್ಟರ್ ಕೂತಿರುವುದು ಮನೆಯ ಕರೆಂಟ್ ಲೈನಿನಲ್ಲಿ. ನಾಸನ್ನು ಸೀದಾ ಕೀಳಬೇಡಿ, ಮೊದಲು ಮುಂದಿನ ಬಟನ್ ಒತ್ತಿ ಹಿಡಿದು, ಬೀಪ್ ಬಂದ ಮೇಲೆ ಬಿಟ್ಟು, ದೀಪ ಆರಿದ ಮೇಲೆ ಕೀಳಿ ಅಂತ ಒಂದು ಚೀಟಿ ಬರೆದು ಅಂಟಿಸಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ.

ಹಳೇಡಿಸ್ಕ್:

ಇದೇ ತೊಂದರೆ ಹುಡುಕಿಕೊಂಡು ಬರುವ ಬೇರೆಯವರಿಗೆ ಎರಡು ಮಾತು. 535 ಅಲ್ಲದೆ "ಸರ್ವರ್ ಸಿಗುತ್ತಿಲ್ಲ" ಅಂತ ಬಂದರೆ ಡಿಎನ್‌ಎಸ್, ಅಂದರೆ ಸರ್ವರ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆಯ ಸೆಟ್ಟಿಂಗ್, ನೋಡಿ. ನಾಸ್‌ಗೆ ಕೈಯಾರೆ ಐಪಿ ಕೊಟ್ಟವರು ಗೇಟ್‌ವೇ, ಡಿಎನ್‌ಎಸ್ ಜಾಗ ಖಾಲಿ ಬಿಟ್ಟಿರುತ್ತಾರೆ. ಮನೆಯೊಳಗೆ ಫೈಲ್ ಎಲ್ಲಾ ತೆರೆಯುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರಲ್ಲ. ಸರ್ಟಿಫಿಕೇಟ್ (ಸರ್ವರ್ ತೋರಿಸುವ ಗುರುತಿನ ಪತ್ರ) ಎರರ್ ಬಂದರೆ ಮೊದಲು ನಾಸ್‌ನ ಗಡಿಯಾರ ನೋಡಿ. ಒಳಗಿನ ಪುಟ್ಟ ಬ್ಯಾಟರಿ ಸತ್ತು ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿದ್ದರೆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅಂತ ಅದರ ಲೆಕ್ಕ.

ತೋಟದಮನೆ:

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳಿಬಿಡುತ್ತೇನೆ.

ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಆಯ್ತು, ಹನ್ನೊಂದು ಗಂಟೆ ತೆಗೆದುಕೊಂಡಿತು. ಮುಗಿದಾಗ ನಾನು ಬಸ್ಸಿನಲ್ಲಿದ್ದೆ, ಮೇಲ್ ಬಂತು. ಬಟ್ಟೆ ತೆಗೆದ ಮೇಲೆ ಡಿಸ್ಕಿನ ಬಿಸಿ 51ರಿಂದ 42 ಡಿಗ್ರಿಗೆ ಇಳಿದಿದೆ. ಅಮ್ಮ ಆ ಬಟ್ಟೆಯನ್ನು ಈಗ ಮಿಕ್ಸಿಗೆ ಹೊದಿಸಿದ್ದಾರೆ. ಮೋಡೆಮ್‌ಗೆ ಚಿಕ್ಕ ಯುಪಿಎಸ್ ಕಳಿಸಿಕೊಟ್ಟೆ, ಚೀಟಿ ಅಂಟಿಸಿದ್ದಾಯ್ತು, ಸೋಮವಾರದ ಮೇಲೂ ಹೆಲ್ತ್‌ಚೆಕ್ಸೂ ಎರಡೂ ಇಟ್ಟೆ.

ಮೊದಲ ಎರಡು ಸೋಮವಾರ ಎರಡು "ಯು" ಬಂದವು. ಮೊನ್ನೆ ಭಾನುವಾರ ಮಧ್ಯಾಹ್ನ ಹೆಲ್ತ್‌ಚೆಕ್ಸ್‌ನಿಂದ ಮೇಲ್, ನಿಮ್ಮ ನಾಸ್ ಹೊತ್ತಿಗೆ ಸರಿಯಾಗಿ ತಟ್ಟಿಲ್ಲ ಅಂತ. ಎದೆ ಧಸಕ್ ಅಂತು. ಅಪ್ಪನಿಗೆ ಫೋನ್ ಮಾಡಿದೆ.

"ನಿನ್ನೆ ಸಂಜೆ ಸಿಡಿಲು ಜೋರಿತ್ತು, ನೀನು ಚೀಟಿಯಲ್ಲಿ ಬರೆದ ಹಾಗೇ ಬಟನ್ ಒತ್ತಿ, ದೀಪ ಆರಿದ ಮೇಲೇ ತೆಗೆದೆ" ಅಂದರು.

ಮತ್ತೆ ಹಾಕಿದ್ರಾ ಅಂತ ಕೇಳಿದೆ.

"ಚೀಟಿಯಲ್ಲಿ ಅದು ಬರೆದಿಲ್ವಲ್ಲ."